ಕೂತರೆ ಕಾಸು: ಇಟಲಿಯ ಸಣ್ಣ ಹೋಟೆಲುಗಳಲ್ಲಿ ಊಟದ ಕಟ್ಟಳೆ

ಇಟಲಿಗೆ ಹೋಗಿ ಬಂದವರ ಹತ್ತಿರ ಊಟದ ಮಾತು ತೆಗೆದರೆ ಎರಡು ದೂರು ಬಂದೇ ಬರುತ್ತವೆ. ಒಂದು, ಬಿಲ್ಲಿನಲ್ಲಿ ಕೊಪೆರ್ತೊ ಅಂತ ಏನೋ ಬರೆದು ತಲೆಗೆ ಎರಡು ಯೂರೊ ಜಾಸ್ತಿ ತಗೊಂಡರು, ಅದೇನು ಅಂತಲೇ ಗೊತ್ತಾಗಲಿಲ್ಲ. ಇನ್ನೊಂದು, ಊಟ ಮುಗಿದು ಎಷ್ಟು ಹೊತ್ತಾದರೂ ಬಿಲ್ ಕೊಡಲು ಯಾರೂ ಬರಲಿಲ್ಲ. ನನಗೂ ಮೊದಲ ಸಲ ಹೀಗೇ ಆಗಿತ್ತು. ರೋಮ್‌ನ ಒಂದು ಗಲ್ಲಿ ಹೋಟೆಲಿನಲ್ಲಿ ತಟ್ಟೆ ಖಾಲಿಯಾಗಿ ನಲವತ್ತು ನಿಮಿಷ ಕಳೆದಿತ್ತು. ಬಡಿಸುವವನು ಪಕ್ಕದಲ್ಲೇ ಓಡಾಡುತ್ತಿದ್ದ, ಪ್ರತಿ ಸಲ ನಕ್ಕು ಮುಂದೆ ಹೋಗುತ್ತಿದ್ದ, ನಾನೂ ನಗುತ್ತಿದ್ದೆ. ಇವನಿಗೆ ದುಡ್ಡು ಬೇಡವೇನೋ ಅಂದುಕೊಂಡೆ. ನಾನು ಕೇಳಲಿ ಅಂತ ಅವನು ಕಾಯುತ್ತಿದ್ದ, ಅವನು ತರಲಿ ಅಂತ ನಾನು.

ಈ ಎರಡೂ ದೂರಿಗೆ ಉತ್ತರ ಒಂದೇ. ಇಟಲಿಯ ಹಳೇ ರೀತಿಯ ಹೋಟೆಲುಗಳಲ್ಲಿ ಕೂರುವ ಜಾಗಕ್ಕೆ ತನ್ನದೇ ಒಂದು ಬೆಲೆ ಇದೆ. ಊಟದ ದುಡ್ಡು ಬೇರೆ, ಜಾಗದ ದುಡ್ಡು ಬೇರೆ. ಒಮ್ಮೆ ಕೂತಿರೋ, ಆ ಜಾಗ ನಿಮ್ಮದು, ಏಳಿ ಅಂತ ಯಾರೂ ಹೇಳುವುದಿಲ್ಲ. ಇದು ಹೇಗೆ ಬಂತು ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು, ಊಟವೇ ಸಿಗದ ಹೋಟೆಲುಗಳ ಕಾಲಕ್ಕೆ.

ಇಂಥ ಹಳೇ ಹೋಟೆಲಿಗೆ ಓಸ್ತೆರಿಯಾ ಅನ್ನುತ್ತಾರೆ, ಆ ಹೆಸರು ಓಸ್ತೆಯಿಂದ ಬಂದಿದೆ. ಓಸ್ತೆ ಅಂದರೆ ಬಂದವರಿಗೆ ಜಾಗ ಕೊಟ್ಟು ನೋಡಿಕೊಳ್ಳುವವನು, ಅಂದರೆ ಹೋಟೆಲಿನ ಯಜಮಾನ. ಅವನ ಹತ್ತಿರ ಇರುತ್ತಿದ್ದದ್ದು ವೈನು, ಬೆಂಚು, ಉದ್ದನೆಯ ಮೇಜು, ತಲೆ ಮೇಲೆ ಒಂದು ಸೂರು. ಊಟ ಬೇಕಾದವರು ಮನೆಯಿಂದ ಕಟ್ಟಿಕೊಂಡು ಬರುತ್ತಿದ್ದರು. ರೋಮ್‌ನಲ್ಲಿ ಹೀಗೆ ಬುತ್ತಿ ಹಿಡಿದುಕೊಂಡು ಬರುವ ಗಿರಾಕಿಗಳಿಗೆ ಫಗೊತ್ತಾರಿ ಅಂತ ಹೆಸರೇ ಇತ್ತು, ಗಂಟಿನವರು ಅಂತ ಅರ್ಥ. ಬುತ್ತಿ ನಿಮ್ಮದು, ವೈನ್ ಮತ್ತು ಜಾಗ ಓಸ್ತೆಯದು.

ಇದೆಲ್ಲ ಪುರಾಣ ಅಂದುಕೊಳ್ಳಬೇಡಿ. ಬೊಲೊನ್ಯಾ ಊರಿನಲ್ಲಿ ಓಸ್ತೆರಿಯಾ ದೆಲ್ ಸೋಲೆ ಅಂತ ಒಂದಿದೆ. ಅದರ ಕಾಲ 1465. ಹಳೇ ಮಾರುಕಟ್ಟೆಯ ಪಕ್ಕದ ಸಂದಿಯಲ್ಲಿ, ಹುಡುಕಿದರೆ ಮಾತ್ರ ಸಿಗುತ್ತದೆ. ಇವತ್ತಿಗೂ ಅಲ್ಲಿ ಊಟ ಮಾರುವುದಿಲ್ಲ. ಹೊರಗಿನ ಬೀದಿಯಲ್ಲಿ ಬ್ರೆಡ್, ಚೀಸ್, ಟೊಮೆಟೊ, ಮಾಂಸ ತಿನ್ನುವವರಾದರೆ ಮೊರ್ತದೆಲ್ಲಾ ಅನ್ನುವ ಹಂದಿಮಾಂಸದ ಬಿಲ್ಲೆ, ಏನು ಬೇಕೋ ಕೊಂಡು ಪೊಟ್ಟಣ ಸಮೇತ ಒಳಗೆ ಹೋಗಿ ಮೇಜಿನ ಮೇಲೆ ಬಿಚ್ಚುವುದು. ಕುಡಿಯುವುದಕ್ಕೆ ಮಾತ್ರ ಅವರ ಹತ್ತಿರ ತಗೋಬೇಕು. ಮೇಜೆಲ್ಲ ಗೀಚಿ ಸವೆದಿವೆ, ಪರಿಚಯ ಇಲ್ಲದವರ ಪಕ್ಕ ಒತ್ತರಿಸಿಕೊಂಡು ಕೂರಬೇಕು. ಹೊರಗಿನ ತಿಂಡಿ ತರುವಂತಿಲ್ಲ ಅನ್ನುವ ಬೋರ್ಡು ನೋಡಿ ಬೆಳೆದ ನಮಗೆ ಇದು ಪೂರ್ತಿ ತಲೆಕೆಳಗು ಅಲ್ವಾ? ಹೊರಗಿನ ತಿಂಡಿ ತಂದರೇ ಇಲ್ಲಿ ಊಟ!

ಇದರ ಇನ್ನೊಂದು ರೂಪ ಊರ ಹೊರಗೆ ಸಿಗುತ್ತದೆ. ರೋಮ್‌ನ ಪಕ್ಕದ ಗುಡ್ಡಗಳಲ್ಲಿ, ಕಾಸ್ತೆಲ್ಲಿ ರೊಮಾನಿ ಅನ್ನುವ ಕಡೆ, ಹೊಸ ವೈನ್ ತಯಾರಾದಾಗ ರೈತರು ಬಾಗಿಲಿಗೆ ಒಂದು ಹಸಿರು ಕೊಂಬೆ ಕಟ್ಟುತ್ತಿದ್ದರು. ಕೊಂಬೆಗೆ ಫ್ರಾಸ್ಕಾ ಅನ್ನುತ್ತಾರೆ, ಅದರಿಂದ ಆ ಜಾಗಗಳಿಗೆ ಫ್ರಾಸ್ಕೆತ್ತಾ ಅಂತ ಹೆಸರಾಯಿತು. ಓದು ಬರದವನಿಗೂ ಅರ್ಥವಾಗುವ ಬೋರ್ಡು ಅದು. ಈಗ ಅಲ್ಲಿನ ಅರಿಚ್ಚಾ ಊರಿನಲ್ಲಿ ಸಾಲುಸಾಲು ಫ್ರಾಸ್ಕೆತ್ತಾಗಳಿವೆ. ಸುಟ್ಟ ಹಂದಿಯ ಪೊರ್ಕೆತ್ತಾಕ್ಕೆ ಆ ಊರು ಹೆಸರುವಾಸಿ, ಭಾನುವಾರ ಬಂತೆಂದರೆ ರೋಮ್ ಅರ್ಧ ಅಲ್ಲೇ ಇರುತ್ತದೆ. ಉತ್ತರದಲ್ಲಿ, ತ್ರಿಯೆಸ್ತೆ ಪಟ್ಟಣದ ಹಿಂದಿನ ಕಲ್ಲುಗುಡ್ಡಗಳಲ್ಲಿ ಇದಕ್ಕೆ ಓಸ್ಮಿತ್ಸಾ ಅನ್ನುತ್ತಾರೆ. ಆ ಭಾಗ ಆಗ ಆಸ್ಟ್ರಿಯಾದ ದೊರೆಗಳ ಕೈಯಲ್ಲಿತ್ತು. 1784ರಲ್ಲಿ ಎರಡನೇ ಜೋಸೆಫ್ ಒಂದು ಆಜ್ಞೆ ಹೊರಡಿಸಿ, ರೈತರು ತಮ್ಮ ಮನೆಯಲ್ಲೇ ತಮ್ಮ ವೈನು, ತಮ್ಮ ತಿನಿಸು ಮಾರಬಹುದು ಅಂದ. ಸ್ಲೊವೇನಿಯನ್ ಭಾಷೆಯಲ್ಲಿ ಓಸೆಮ್ ಅಂದರೆ ಎಂಟು. ವರ್ಷಕ್ಕೆ ಎಂಟು ದಿನದ ಈ ಮಾರಾಟದಿಂದ ಹೆಸರು ಹಾಗೆ ಬಂತು ಅನ್ನುತ್ತಾರೆ. ಇವತ್ತಿಗೂ ರಸ್ತೆ ಬದಿಯಲ್ಲಿ ಕೊಂಬೆ ಕಟ್ಟಿ ಒಂದು ಬಾಣದ ಗುರುತು ಹಾಕಿರುತ್ತಾರೆ. ಬಾಣ ಹಿಡಿದು ಹೋದರೆ ಯಾರದೋ ಮನೆಯ ಅಂಗಳ, ಬೇಯಿಸಿದ ಮೊಟ್ಟೆ, ಚೀಸ್, ಮನೆಯ ವೈನು.

ವೆನಿಸ್‌ನಲ್ಲಿ ಬಾಕರೊ ಅಂತ ಕರೆಯುವ ಕಿರು ವೈನ್ ಅಂಗಡಿಗಳಿವೆ. ಅಲ್ಲಿ ಕೂರುವ ಮಾತು ಕಮ್ಮಿ. ನಿಂತುಕೊಂಡೇ ಒಂದು ಚೂರು ಬ್ರೆಡ್ಡಿನ ಮೇಲೆ ಮೀನೋ ಪಲ್ಯವೋ ಇಟ್ಟ ಚಿಕೆತ್ತಿ ಅನ್ನುವ ಕುರುಕಲು, ಜೊತೆಗೆ ಸಣ್ಣ ಲೋಟದಲ್ಲಿ ವೈನ್. ಆ ಸಣ್ಣ ಲೋಟಕ್ಕೆ ಓಂಬ್ರಾ ಅಂತ ಹೆಸರು, ನೆರಳು ಅಂತ ಅರ್ಥ. ಸಂತ ಮಾರ್ಕ್ ಚೌಕದಲ್ಲಿ ವೈನ್ ಮಾರುವವರು ಬಿಸಿಲು ತಿರುಗಿದ ಹಾಗೆ ಗಂಟೆಗೋಪುರದ ನೆರಳಿಗೆ ಗಾಡಿ ಸರಿಸುತ್ತಿದ್ದರು, ಅದಕ್ಕೇ ಈ ಹೆಸರು ಅಂತ ಕತೆ. ಮಿಲಾನ್‌ನವರು ತಮ್ಮ ಓಸ್ತೆರಿಯಾಗಳಿಗೆ ತ್ರಾನಿ ಅನ್ನುತ್ತಿದ್ದರು. ದಕ್ಷಿಣದ ಪೂಲ್ಯಾ ಪ್ರಾಂತ್ಯದ ತ್ರಾನಿ ಊರಿನಿಂದ ಅಲ್ಲಿಗೆ ವೈನ್ ಬರುತ್ತಿತ್ತು, ಊರಿನ ಹೆಸರೇ ಅಂಗಡಿಗೂ ಅಂಟಿಕೊಂಡಿತು. ಇಂಥ ಕಡೆಗಳಲ್ಲಿ ಗಂಟೆಗಟ್ಟಲೆ ಇಸ್ಪೀಟು ನಡೆಯುತ್ತಿತ್ತು. ಬ್ರಿಸ್ಕೊಲಾ, ಸ್ಕೋಪಾ ಅಂತ ಆಟಗಳು. ಒಂದು ಲೋಟ ವೈನ್ ಹಿಡಿದುಕೊಂಡು ಇಡೀ ಸಂಜೆ ಕೂತರೂ ಓಸ್ತೆ ಏನೂ ಅನ್ನುತ್ತಿರಲಿಲ್ಲ.

ಹಾಗಾದರೆ ತ್ರತ್ತೋರಿಯಾ ಅನ್ನುವ ಇನ್ನೊಂದು ಬಗೆಯ ಹೋಟೆಲು ಯಾವುದು? ತ್ರತ್ತಾರೆ ಅಂದರೆ ಉಪಚಾರ ಮಾಡುವುದು, ಬಂದವರನ್ನು ನೋಡಿಕೊಳ್ಳುವುದು. ಇಲ್ಲಿ ಮೊದಲಿನಿಂದಲೂ ಅಡುಗೆಯೇ ಮುಖ್ಯ. ಬಹಳ ಕಡೆ ಒಂದು ಕುಟುಂಬವೇ ನಡೆಸುತ್ತದೆ. ಅಮ್ಮನೋ ಅಜ್ಜಿಯೋ ಒಲೆ ಮುಂದೆ, ಅಪ್ಪ ಗಲ್ಲಾದಲ್ಲಿ, ಮಗ ಬಡಿಸುವುದಕ್ಕೆ. ಮೆನು ಇದ್ದರೂ ಒಂದೇ ಹಾಳೆ. ಕೆಲವು ಕಡೆ ಅದೂ ಇಲ್ಲ, ಬಂದು ನಿಂತು ಬಾಯಲ್ಲೇ ಹೇಳುತ್ತಾರೆ, ನಮ್ಮ ಹಳೇ ಹೋಟೆಲುಗಳ ಸಪ್ಲೈಯರ್ ಇಡ್ಲಿ ವಡೆ ದೋಸೆ ಅಂತ ಒಂದೇ ಉಸಿರಿಗೆ ಒದರುವ ಹಾಗೆ. ಅವತ್ತು ಮಾರುಕಟ್ಟೆಯಲ್ಲಿ ಏನು ಸಿಕ್ಕಿತೋ ಅದರ ಅಡುಗೆ. ಮಧ್ಯಾಹ್ನ ಹೋದರೆ ಕೆಲಸದವರಿಗೆ ಅಂತ ನಿಗದಿ ಬೆಲೆಯ ಊಟ ಇರುತ್ತದೆ. ಒಂದು ಪಾಸ್ತಾ, ಒಂದು ಮುಖ್ಯ ತಿನಿಸು, ನೀರು, ಕೆಲವೊಮ್ಮೆ ಕಾಫಿಯೂ ಸೇರಿ. ಗಾರೆ ಕೆಲಸದವರು, ಬ್ಯಾಂಕಿನವರು, ಲಾರಿ ಡ್ರೈವರುಗಳು ಎಲ್ಲ ಅಲ್ಲೇ. ನನ್ನ ಮಟ್ಟಿಗೆ ಇಟಲಿಯಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಸಿಗುವ ಊಟ ಇದೇ, ರಾತ್ರಿ ಊಟ ಅಲ್ಲ.

ರಿಸ್ತೊರಾಂತೆ, ಅಂದರೆ ರೆಸ್ಟೊರೆಂಟ್, ಫ್ರೆಂಚರಿಂದ ಬಂದ ಪದ, ಫ್ರೆಂಚರಿಂದಲೇ ಬಂದ ಠೀವಿ. ಬಿಳಿ ಬಟ್ಟೆ, ದಪ್ಪ ಮೆನು, ಬೇರೆ ವೈನ್ ಪಟ್ಟಿ. ಮೊದಲೆಲ್ಲ ಓಸ್ತೆರಿಯಾ ಕೆಳಗೆ, ತ್ರತ್ತೋರಿಯಾ ನಡುವೆ, ರಿಸ್ತೊರಾಂತೆ ಮೇಲೆ ಅಂತ ಮೂರು ಮೆಟ್ಟಿಲು ಸ್ಪಷ್ಟವಾಗಿತ್ತು. ಈಗ ಬೋರ್ಡು ನಂಬುವ ಹಾಗಿಲ್ಲ. 1991ರ ಕಾನೂನು ರಿಸ್ತೊರಾಂತೆ, ತ್ರತ್ತೋರಿಯಾ, ಪಿಜ್ಜೇರಿಯಾ ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದೆ. ಹೆಸರು ಏನಾದರೂ ಇಟ್ಟುಕೊಳ್ಳಿ. ಮೊದೆನಾ ಊರಿನಲ್ಲಿ ಮಾಸ್ಸಿಮೊ ಬೊತ್ತೂರಾ ನಡೆಸುವ ಓಸ್ತೆರಿಯಾ ಫ್ರಾಂಚೆಸ್ಕಾನಾ ಇದೆಯಲ್ಲ, ಅದಕ್ಕೆ ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ ಮೂರು ನಕ್ಷತ್ರ, 2016 ಮತ್ತು 2018ರಲ್ಲಿ ಜಗತ್ತಿನ 50 ಹೋಟೆಲುಗಳ ಹೆಸರಾಂತ ಪಟ್ಟಿಯಲ್ಲಿ ಮೊದಲ ಸ್ಥಾನ. ಹೆಸರು ಮಾತ್ರ ಓಸ್ತೆರಿಯಾ. ಬುತ್ತಿ ಹಿಡಿದುಕೊಂಡು ಅಲ್ಲಿಗೆ ಹೋಗಬೇಡಿ.

ಈಗ ಜಾಗದ ಬೆಲೆಗೆ ಬರೋಣ. ಇದನ್ನು ಕಣ್ಣಾರೆ ನೋಡಬೇಕಾದರೆ ಇಟಲಿಯ ಬಾರ್‌ಗೆ ಹೋಗಬೇಕು. ಬಾರ್ ಅಂದರೆ ನಾವಂದುಕೊಳ್ಳುವ ಬಾರ್ ಅಲ್ಲ, ಅದು ಕಾಫಿ ಅಂಗಡಿ, ಬೆಳಿಗ್ಗೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ತುಂಬಾ ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು, ಆ ಚೀಟಿ ಕೌಂಟರ್ ಮೇಲೆ ಇಟ್ಟು ಕಾಫಿ ಹೇಳಬೇಕು. ದರ್ಶಿನಿಯಲ್ಲಿ ಟೋಕನ್ ತಗೊಂಡ ಹಾಗೇ. ನಿಂತುಕೊಂಡು ಎಸ್‌ಪ್ರೆಸ್ಸೊ ಎರಡು ಗುಟುಕಿಗೆ ಮುಗಿಸಿದರೆ ಒಂದು ಯೂರೊ ಚಿಲ್ಲರೆ. ಅದೇ ಕಾಫಿ, ಅದೇ ಕಪ್ಪು, ಕುರ್ಚಿಯಲ್ಲಿ ಕೂತು ತರಿಸಿಕೊಂಡರೆ ಬೆಲೆ ಬೇರೆ. ಬೆಲೆಪಟ್ಟಿಯಲ್ಲೇ ಬಾಂಕೊ, ತಾವೊಲೊ ಅಂತ ಎರಡು ಕಾಲಮ್ ಇರುತ್ತವೆ, ಅಂದರೆ ನಿಂತರೆ ಇಷ್ಟು, ಕೂತರೆ ಇಷ್ಟು. ಏಸಿ ಹಾಲ್ ರೇಟ್ ಬೇರೆ ಅಂತ ನಮ್ಮಲ್ಲೂ ಬರೆದಿರುತ್ತಾರಲ್ಲ, ಅದರ ಅಣ್ಣ ಇದು. ವೆನಿಸ್‌ನ ಸಂತ ಮಾರ್ಕ್ ಚೌಕದ ದೊಡ್ಡ ಕಾಫಿ ಮನೆಗಳಲ್ಲಂತೂ ಹೊರಗೆ ವಾದ್ಯದವರು ನುಡಿಸುತ್ತಿದ್ದರೆ ಅದಕ್ಕೂ ತಲೆಗೆ ಇಷ್ಟು ಅಂತ ಬಿಲ್ಲಿಗೆ ಸೇರುತ್ತದೆ. ಸುಮ್ನೆ ಕಾಲು ನೋವು ಅಂತ ಕೂತವರು ಬಿಲ್ ನೋಡಿ ಎದ್ದು ನಿಲ್ಲುತ್ತಾರೆ.

ಕೊಪೆರ್ತೊ ಇದೇ ಲೆಕ್ಕ. ಬಟ್ಟೆ ಹಾಸಿ, ತಟ್ಟೆ, ಲೋಟ, ಫೋರ್ಕು, ಚಾಕು ಇಟ್ಟು ಒಬ್ಬರಿಗೆ ಸಜ್ಜು ಮಾಡಿದ ಜಾಗಕ್ಕೆ ಇಟಲಿಯಲ್ಲಿ ಕೊಪೆರ್ತೊ ಅನ್ನುತ್ತಾರೆ. ಆ ಜಾಗದ ಶುಲ್ಕಕ್ಕೂ ಅದೇ ಹೆಸರು. ಸಾಮಾನ್ಯವಾಗಿ ತಲೆಗೆ ಒಂದರಿಂದ ಮೂರು ಯೂರೊ. ಬುಟ್ಟಿಯಲ್ಲಿ ಬರುವ ಬ್ರೆಡ್ ಹೆಚ್ಚಿನ ಕಡೆ ಇದರಲ್ಲೇ ಸೇರಿರುತ್ತದೆ. ಇದು ಮೋಸ ಅಲ್ಲ. ಮೋಸ ಯಾವಾಗ ಅಂದರೆ ಮೆನುವಿನಲ್ಲಿ ಬರೆಯದೆ ಬಿಲ್ಲಿನಲ್ಲಿ ಹಾಕಿದಾಗ. ಅದಕ್ಕೇ ಕೂತ ತಕ್ಷಣ ಮೆನುವಿನ ಕೆಳಗಿನ ಸಣ್ಣ ಅಕ್ಷರ ಓದಿ. ರೋಮ್ ಇರುವ ಲಾಜಿಯೊ ಪ್ರಾಂತ್ಯ 2006ರಲ್ಲಿ ಕಾನೂನು ಮಾಡಿ ಕೊಪೆರ್ತೊ ತಗೋಬಾರದು ಅಂದಿತು. ಆಮೇಲೆ ಏನಾಯಿತು? ರೋಮ್‌ನ ಬಿಲ್ಲುಗಳಲ್ಲಿ ಪಾನೆ, ಅಂದರೆ ಬ್ರೆಡ್, ಅಂತ ಸಾಲು ಶುರುವಾಯಿತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಡೆ ಇದ್ದಾರೆ. ಆದರೆ ಒಂದು ಲಾಭ ಇದೆ. ಬ್ರೆಡ್ಡಿಗೆ ಅಂತ ತಗೊಂಡರೆ, ಬ್ರೆಡ್ ಬೇಡ ಅಂತ ನೀವು ಮೊದಲೇ ಹೇಳಬಹುದು.

ಸೆರ್ವೀತ್ಸಿಯೊ ಅನ್ನುವುದು ಬೇರೆ, ಅದು ಸರ್ವಿಸ್ ಚಾರ್ಜ್, ಪ್ರವಾಸಿಗರು ತುಂಬಿದ ಕಡೆ ಶೇಕಡಾ ಲೆಕ್ಕದಲ್ಲಿ ಹಾಕುತ್ತಾರೆ. ಇನ್ನು ಟಿಪ್ಸ್. ಅಮೆರಿಕದಲ್ಲಿರುವ ನಮ್ಮವರು ಅಲ್ಲಿಯ ಅಭ್ಯಾಸದಲ್ಲಿ ಇಪ್ಪತ್ತು ಪರ್ಸೆಂಟ್ ಇಟ್ಟು ಬರುತ್ತಾರೆ. ಇಟಲಿಯವರು ಹಾಗೆ ಮಾಡುವುದಿಲ್ಲ. ಊಟ ಚೆನ್ನಾಗಿದ್ದರೆ ಚಿಲ್ಲರೆ ಬಿಟ್ಟು ಏಳುತ್ತಾರೆ, ಇಲ್ಲದಿದ್ದರೆ ಅದೂ ಇಲ್ಲ.

ಜಾಗ ಸಿಕ್ಕಿತು, ಊಟಕ್ಕೆ ಬರೋಣ. ಇಲ್ಲಿ ನಮಗೆ ಗೊಂದಲ ಆಗುವುದು ಯಾಕೆಂದರೆ ನಮ್ಮ ಊಟದಲ್ಲಿ ಎಲ್ಲ ಒಂದೇ ಎಲೆ ಮೇಲೆ ಬರುತ್ತದೆ, ಅವರಲ್ಲಿ ಒಂದಾದ ಮೇಲೆ ಒಂದು. ಮೊದಲು ಆಂತಿಪಾಸ್ತೊ, ಬಾಯಾಡಿಸಲು. ಆಮೇಲೆ ಪ್ರಿಮೊ, ಅಂದರೆ ಮೊದಲನೆಯದು. ಪಾಸ್ತಾ, ಅನ್ನದ ರಿಸೊತ್ತೊ, ಸೂಪು ಇಲ್ಲಿ ಬರುತ್ತವೆ. ಆಮೇಲೆ ಸೆಕೊಂದೊ, ಎರಡನೆಯದು, ಮಾಂಸ ಅಥವಾ ಮೀನು. ಈ ಸೆಕೊಂದೊ ಬೋಳಾಗಿ ಬರುತ್ತದೆ. ತಟ್ಟೆಯಲ್ಲಿ ಒಂದು ಮಾಂಸದ ತುಂಡು, ಪಕ್ಕದಲ್ಲಿ ನಿಂಬೆಹಣ್ಣಿನ ಚೂರು, ಅಷ್ಟೇ. ಪಲ್ಯ, ಆಲೂಗಡ್ಡೆ, ಸಲಾಡ್ ಬೇಕಾದರೆ ಕೊಂತೊರ್ನೊ ಅಂತ ಬೇರೆ ಹೇಳಬೇಕು, ಅದಕ್ಕೆ ಬೇರೆ ದುಡ್ಡು. ಕೊನೆಗೆ ಹಣ್ಣು ಅಥವಾ ದೋಲ್ಚೆ ಅನ್ನುವ ಸಿಹಿ, ಅದಾದ ಮೇಲೆ ಕಾಫಿ. ಕಾಫಿ ಸಿಹಿಯ ಜೊತೆ ಬರುವುದಿಲ್ಲ, ಸಿಹಿ ಮುಗಿದ ಮೇಲೆ ಬರುತ್ತದೆ.

ಇಷ್ಟೆಲ್ಲ ತಿನ್ನಲೇಬೇಕು ಅಂತ ಯಾರೂ ಹೇಳುವುದಿಲ್ಲ. ಇಟಲಿಯವರೇ ದಿನಾ ಇಷ್ಟು ತಿನ್ನುವುದಿಲ್ಲ. ಒಂದು ಪ್ರಿಮೊ, ಒಂದು ಕೊಂತೊರ್ನೊ ಹೇಳಿದರೆ ಯಾರ ಮುಖವೂ ಕಪ್ಪಾಗುವುದಿಲ್ಲ. ಒಂದು ಆಂತಿಪಾಸ್ತೊ ಇಬ್ಬರು ಹಂಚಿಕೊಳ್ಳುವುದು ಮಾಮೂಲು. ಆದರೆ ನಾಲ್ಕು ಜನ ಕೂತು ಒಂದೇ ಪಾಸ್ತಾ ಹೇಳಿ ನಾಲ್ಕು ಫೋರ್ಕು ಕೇಳಿದರೆ ಓಸ್ತೆಯ ಹುಬ್ಬು ಏರುತ್ತದೆ. ಅವನ ಲೆಕ್ಕದಲ್ಲಿ ನಾಲ್ಕು ಜಾಗ ಹೋಯಿತು ನೋಡಿ. ಪಿಜ್ಜಾಕ್ಕೂ ಇದೇ ಮಾತು, ತಲೆಗೊಂದು ಅಂತ ಲೆಕ್ಕ. ತೆಳ್ಳಗಿರುತ್ತದೆ, ಒಬ್ಬರು ಸಲೀಸಾಗಿ ಮುಗಿಸುತ್ತಾರೆ.

ಪಾಸ್ತಾದ ಪ್ರಮಾಣ ನೋಡಿ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಒಬ್ಬರಿಗೆ ಒಣ ಪಾಸ್ತಾ 80ರಿಂದ 100 ಗ್ರಾಂ, ಅದು ಅಲ್ಲಿಯ ಅಳತೆ. ಮುಂದೆ ಸೆಕೊಂದೊ ಬರುತ್ತದೆ ಅನ್ನುವ ಲೆಕ್ಕದಲ್ಲಿ ಮಾಡಿದ್ದು. ಪಾಸ್ತಾ ಬೆಂದಿಲ್ಲ ಅಂತ ವಾಪಸ್ ಕಳಿಸಿದವರನ್ನೂ ಕಂಡಿದ್ದೇನೆ. ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು, ಅಲ್ಲಿ ಅದೇ ಹದ. ಅನ್ನ ಬಿಡಿಬಿಡಿ ಇರಬೇಕು ಅನ್ನುವವರಿಗೆ ಇದು ಅರ್ಥವಾಗಬೇಕು. ಸ್ಪಗೆಟ್ಟಿಯನ್ನು ಚಾಕುವಿನಿಂದ ಕತ್ತರಿಸುವುದು, ಮೀನಿನ ಪಾಸ್ತಾಕ್ಕೆ ಚೀಸ್ ಕೇಳುವುದು, ಇವೆರಡೂ ಅವರಿಗೆ ಆಗಿಬರುವುದಿಲ್ಲ. ಆದರೆ ತಟ್ಟೆಯಲ್ಲಿ ಉಳಿದ ಸಾರನ್ನು ಬ್ರೆಡ್ ಚೂರಿನಿಂದ ಒರೆಸಿ ತಿನ್ನುವುದಕ್ಕೆ ಸ್ಕಾರ್ಪೆತ್ತಾ ಅಂತ ಮುದ್ದಿನ ಹೆಸರೇ ಇದೆ, ಪುಟ್ಟ ಚಪ್ಪಲಿ ಅಂತ ಅರ್ಥ. ದೊಡ್ಡ ಹೋಟೆಲಿನಲ್ಲಿ ಅದು ಅಷ್ಟು ಸಭ್ಯ ಅಲ್ಲ, ತ್ರತ್ತೋರಿಯಾದಲ್ಲಿ ಮಾಡಿದರೆ ಅಡುಗೆಯವಳಿಗೆ ಖುಷಿ. ತಟ್ಟೆ ನೆಕ್ಕಿದಷ್ಟು ಚೊಕ್ಕ ಮಾಡಿ ಕಳಿಸುವುದೇ ಅಲ್ಲಿ ಮೆಚ್ಚುಗೆ.

ಏನು ತಿನ್ನಬೇಕು ಅನ್ನುವುದು ಊರಿನ ಮೇಲೆ ಹೋಗುತ್ತದೆ, ಕೆಲವೊಮ್ಮೆ ವಾರದ ಮೇಲೂ. ರೋಮ್‌ನ ಹಳೇ ತ್ರತ್ತೋರಿಯಾಗಳಲ್ಲಿ ಗುರುವಾರ ನ್ಯೊಕ್ಕಿ ಅನ್ನುವ ಪುಟ್ಟ ಉಂಡೆಗಳು, ಶುಕ್ರವಾರ ಮೀನು, ಶನಿವಾರ ಬೋಟಿ. ಶುಕ್ರವಾರ ಕ್ರೈಸ್ತರಿಗೆ ಮಾಂಸ ಬಿಡುವ ದಿನ. ಹಾಗಾಗಿ ಹಿಂದಿನ ದಿನ ಆಲೂಗಡ್ಡೆಯ ನ್ಯೊಕ್ಕಿ ಹೊಟ್ಟೆ ಬಿರಿಯುವಷ್ಟು. ಶನಿವಾರದ ಬೋಟಿಯ ಹಿಂದೆ ಕಸಾಯಿಖಾನೆಯ ಕತೆ ಇದೆ. ರೋಮ್‌ನ ತೆಸ್ತಾಚ್ಚೊ ಬಡಾವಣೆಯಲ್ಲಿ 19ನೇ ಶತಮಾನದ ಕೊನೆಯಿಂದ 1975ರವರೆಗೆ ನಗರದ ದೊಡ್ಡ ಕಸಾಯಿಖಾನೆ ಇತ್ತು. ಒಳ್ಳೊಳ್ಳೆ ಮಾಂಸ ಉಳ್ಳವರ ಮನೆಗೆ ಹೋಗುತ್ತಿತ್ತು. ಬಾಲ, ಕರುಳು, ಬೋಟಿ, ತಲೆ ಕೂಲಿಯವರ ಪಾಲಿಗೆ. ಇದಕ್ಕೆ ಕ್ವಿಂತೊ ಕ್ವಾರ್ತೊ ಅಂದರು, ಐದನೇ ಕಾಲು ಭಾಗ ಅಂತ ಅರ್ಥ. ಪ್ರಾಣಿಯನ್ನು ನಾಲ್ಕು ಪಾಲು ಮಾಡಿದ ಮೇಲೆ ಮಿಕ್ಕ ಪಾಲು. ಸುತ್ತಲಿನ ಓಸ್ತೆರಿಯಾಗಳು ಅದನ್ನೇ ಗಂಟೆಗಟ್ಟಲೆ ಬೇಯಿಸಿ ರುಚಿ ಮಾಡಿದವು. ಇವತ್ತು ಆ ಬಡವರ ಊಟ ತಿನ್ನಲು ಜನ ವಾರದ ಮುಂಚೆ ಟೇಬಲ್ ಬುಕ್ ಮಾಡುತ್ತಾರೆ.

ಬೊಲೊನ್ಯಾಕ್ಕೆ ಹೋಗಿ ಸ್ಪಗೆಟ್ಟಿ ಬೊಲೊನೀಸ್ ಕೇಳಬೇಡಿ. ಊರಿನ ಹೆಸರಿಟ್ಟುಕೊಂಡ ಆ ತಿನಿಸು ಆ ಊರಿನ ಹಳೇ ಅಡುಗೆಮನೆಯಲ್ಲಿ ಇಲ್ಲ. ಅಲ್ಲಿ ರಗೂ ಅನ್ನುವ ಮಾಂಸದ ಗೊಜ್ಜು ಹಾಕುವುದು ತಾಲ್ಯತೆಲ್ಲೆಗೆ, ಮೊಟ್ಟೆ ಹಾಕಿ ಲಟ್ಟಿಸಿದ ಪಟ್ಟಿ ಪಾಸ್ತಾಕ್ಕೆ. ಅದರ ಅಗಲ ಎಷ್ಟಿರಬೇಕು ಅಂತ 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದ್ದಾರೆ. ಬೆಂದ ಮೇಲೆ 8 ಮಿಲಿಮೀಟರ್, ಅಂದರೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಪಾಲು. ಅಳತೆಗೆ ಬಂಗಾರದ ಒಂದು ಪಟ್ಟಿ ಮಾಡಿಸಿ ಅಲ್ಲೇ ಇಟ್ಟಿದ್ದಾರೆ. ತಮಾಷೆ ಅಲ್ಲ, ನಿಜ. 1982ರಲ್ಲಿ ರಗೂವಿನ ವಿಧಾನವನ್ನೂ ದಾಖಲು ಮಾಡಿದರು.

ಸಸ್ಯಾಹಾರಿಗಳ ಪ್ರಶ್ನೆ ನನಗೆ ಜಾಸ್ತಿ ಬರುತ್ತದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಟಲಿ ಸಸ್ಯಾಹಾರಿಗಳಿಗೆ ಸುಲಭ ಅನ್ನುತ್ತಾರೆ, ಅದು ಅರ್ಧ ನಿಜ. ತರಕಾರಿ ಅಡುಗೆ ಧಾರಾಳ ಇದೆ. ಆದರೆ ಚೀಸ್ ನೋಡಿ. ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಯಲು ಹಾಕುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಅವುಗಳ ನಿಯಮವೇ ಹಾಗಿದೆ, ಬೇರೆ ಹೆಪ್ಪು ಹಾಕಿದರೆ ಆ ಹೆಸರು ಇಡುವಂತಿಲ್ಲ. ಹಾಗಾಗಿ ಬರೀ ಚೀಸ್, ಮೆಣಸು ಇರುವ ಕಾಚೊ ಎ ಪೆಪೆ ಪಾಸ್ತಾ ಕೂಡ ಕಟ್ಟುನಿಟ್ಟಿನವರಿಗೆ ಆಗುವುದಿಲ್ಲ. ತರಕಾರಿ ಸೂಪಿನ ತಳದಲ್ಲಿ ಬ್ರೋದೊ, ಅಂದರೆ ಮಾಂಸ ಬೇಯಿಸಿದ ನೀರು, ಇರಬಹುದು. ಟೊಮೆಟೊ ಸಾಸಿನ ಪುತ್ತನೆಸ್ಕಾ ಪಾಸ್ತಾದಲ್ಲಿ ಆಂಚೊವಿ ಮೀನು ಕರಗಿರುತ್ತದೆ. ಪಾನ್ನಾ ಕೊತ್ತಾ ಸಿಹಿಯಲ್ಲಿ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ನಾನು ಸಸ್ಯಾಹಾರಿ ಅಂದರೆ ಸಾಲದು, ಮಾಂಸ ಬೇಡ, ಮೀನು ಬೇಡ, ಹ್ಯಾಮ್ ಬೇಡ, ಮಾಂಸದ ನೀರೂ ಬೇಡ ಅಂತ ಬಿಡಿಸಿ ಹೇಳಬೇಕು. ಹಳೇ ಕಾಲದ ಅಜ್ಜಿಯರಿಗೆ ಹ್ಯಾಮ್ ಅನ್ನುವುದು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ, ಅದು ಒಗ್ಗರಣೆ ಇದ್ದ ಹಾಗೆ.

ಹಾಗಾದರೆ ಏನು ತಿನ್ನುವುದು? ಒಣ ಪಾಸ್ತಾ ಬರೀ ಗಟ್ಟಿ ಗೋಧಿಯ ರವೆ ಮತ್ತು ನೀರು. ನಮ್ಮ ಬನ್ಸಿ ರವೆಯ ಗೋಧಿ ಇದೆಯಲ್ಲ, ಅದೇ ಜಾತಿ. ಅದಕ್ಕೆ ಟೊಮೆಟೊ ಸಾಸು ಹಾಕಿದ ಪೊಮೊದೊರೊ, ಚೀಸ್ ಬೇಡ ಅಂತ ಹೇಳಿ. ದಕ್ಷಿಣಕ್ಕೆ ಹೋದಷ್ಟೂ ನಮಗೆ ಒಳ್ಳೆಯದು. ಪೂಲ್ಯಾದಲ್ಲಿ ಒಣ ಅವರೆಜಾತಿಯ ಕಾಳು ಬೇಯಿಸಿ ನುಣ್ಣಗೆ ಅರೆದು, ಕಹಿ ಸೊಪ್ಪಿನ ಜೊತೆ ಕೊಡುತ್ತಾರೆ, ಫಾವೆ ಎ ಚಿಕೋರಿಯಾ ಅಂತ. ಬಸ್ಸಾರು ಇಷ್ಟಪಡುವವರಿಗೆ ಹಿಡಿಸುತ್ತದೆ. ಸಿಸಿಲಿಯಲ್ಲಿ ಬದನೆಕಾಯಿಯ ಹುಳಿಸಿಹಿ ಗೊಜ್ಜು ಕಪೊನಾತಾ. ಪಲೆರ್ಮೊ ಊರಿನ ಬೀದಿಯಲ್ಲಿ ಕಡಲೆಹಿಟ್ಟಿನ ತೆಳು ಬಿಲ್ಲೆ ಎಣ್ಣೆಯಲ್ಲಿ ಕರಿದು ಬನ್ನಿನೊಳಗೆ ಇಟ್ಟು ಕೊಡುವ ಪನೆಲ್ಲೆ, ಜೆನೊವಾದಲ್ಲಿ ಅದೇ ಕಡಲೆಹಿಟ್ಟನ್ನು ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಕಟ್ಟಿಗೆ ಒಲೆಯಲ್ಲಿ ಸುಟ್ಟ ಫರಿನಾತಾ. ಫ್ಲಾರೆನ್ಸ್‌ನಲ್ಲಿ ಹಳೇ ಬ್ರೆಡ್ಡನ್ನು ಟೊಮೆಟೊದಲ್ಲಿ ಬೇಯಿಸಿದ ಪಾಪ್ಪಾ ಅಲ್ ಪೊಮೊದೊರೊ. ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಮರೆತರು ಅಂದುಕೊಳ್ಳಬೇಡಿ.

ಕುಡಿಯುವ ವಿಷಯ ಬೇಗ ಮುಗಿಸುತ್ತೇನೆ. ನೀರು ಬಾಟಲಿಯಲ್ಲಿ ಬರುತ್ತದೆ, ಅದಕ್ಕೆ ದುಡ್ಡು. ನಾತುರಾಲೆ ಅಂದರೆ ಸಾದಾ, ಫ್ರಿತ್ಸಾಂತೆ ಅಂದರೆ ಸೋಡಾ. ಮನೆಯ ವೈನ್ ಕಾಲು, ಅರ್ಧ, ಒಂದು ಲೀಟರ್ ಲೆಕ್ಕದಲ್ಲಿ ಹೂಜಿಯಲ್ಲಿ ಕೊಡುತ್ತಾರೆ, ಬಾಟಲಿಗಿಂತ ಅಗ್ಗ. ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ. ವೈನ್ ಚೆನ್ನಾಗಿದೆಯಾ ಅಂತ ಓಸ್ತೆಯನ್ನೇ ಕೇಳುವುದು ಅನ್ನುವುದು ಅವರಲ್ಲಿ ಗಾದೆ, ಉತ್ತರ ಗೊತ್ತಿರುವ ಪ್ರಶ್ನೆ ಕೇಳುವವರಿಗೆ ಹೇಳುವ ಮಾತು.

ಊಟದ ಮೇಲೆ ಕಾಪ್ಪುಚೀನೊ ಕೇಳಿದರೆ ಕೊಡುತ್ತಾರೆ, ಆದರೆ ಒಂದು ನೋಟ ಬರುತ್ತದೆ. ಹಾಲಿನ ಕಾಫಿ ಅವರಿಗೆ ಬೆಳಗಿನ ತಿಂಡಿ, ತುಂಬಿದ ಹೊಟ್ಟೆ ಮೇಲೆ ಅಷ್ಟು ಹಾಲು ಭಾರ ಅನ್ನುವ ನಂಬಿಕೆ. ಹಾಲು ಬೇಕೇ ಬೇಕು ಅನ್ನುವ ಫಿಲ್ಟರ್ ಕಾಫಿ ನಾಲಗೆಯವರು ಮಾಕ್ಕ್ಯಾತೊ ಕೇಳಿ, ಎಸ್‌ಪ್ರೆಸ್ಸೊಗೆ ಒಂದು ಚಮಚ ಹಾಲಿನ ನೊರೆ. ಮಾನವೂ ಉಳಿಯುತ್ತದೆ, ಹಾಲೂ ಸಿಗುತ್ತದೆ. ಇದಾದ ಮೇಲೆ ಅಮ್ಮಾತ್ಸಾಕಫೆ ಅಂತ ಒಂದಿದೆ, ಕಾಫಿಯನ್ನು ಕೊಲ್ಲುವುದು ಅಂತ ಅರ್ಥ. ಕಹಿ ಅಮಾರೊ, ಗ್ರಾಪ್ಪಾ, ಲಿಮೊಂಚೆಲ್ಲೊ, ಹೀಗೆ ಯಾವುದಾದರೂ ಮದ್ಯ ಒಂದು ಗುಟುಕು. ಯಜಮಾನನಿಗೆ ನೀವು ಇಷ್ಟವಾದರೆ ಬಾಟಲಿಯನ್ನೇ ಮೇಜಿನ ಮೇಲಿಟ್ಟು ಹೋಗುತ್ತಾನೆ, ಅದಕ್ಕೆ ಬಿಲ್ ಇಲ್ಲ.

ಈಗ ಆ ನಲವತ್ತು ನಿಮಿಷಕ್ಕೆ ವಾಪಸ್ ಬರುತ್ತೇನೆ. ಹಳೇ ಪದ್ಧತಿಯಲ್ಲಿ ಒಂದು ಟೇಬಲ್ ಒಂದು ರಾತ್ರಿಗೆ ಒಂದೇ ಗುಂಪಿಗೆ. ನೀವು ಕೂತ ಮೇಲೆ ಅದು ನಿಮ್ಮ ಮನೆ ಇದ್ದ ಹಾಗೆ. ಊಟ ಮಾಡುತ್ತಿರುವವರ ಮುಂದೆ ಕೇಳದೆ ಬಿಲ್ ತಂದಿಡುವುದು, ನಮ್ಮಲ್ಲಿ ಎಲೆ ಮುಂದೆ ಕೂತವರಿಗೆ ಇನ್ನೂ ಏಳಲಿಲ್ವಾ ಅಂದ ಹಾಗೆ. ಆದ್ದರಿಂದ ಕೇಳಬೇಕು. ಇಲ್ ಕೊಂತೊ, ಪೆರ್ ಫವೋರೆ. ಅಷ್ಟೇ ಮಂತ್ರ. ಇಲ್ಲವೇ ಎದ್ದು ಗಲ್ಲಾಕ್ಕೆ ಹೋಗಿ, ಸಣ್ಣ ಜಾಗಗಳಲ್ಲಿ ಅದೇ ಸಲೀಸು. ಗೆಳೆಯರೆಲ್ಲ ಸಮನಾಗಿ ಹಂಚಿಕೊಂಡರೆ ಅದಕ್ಕೆ ಆಲ್ಲಾ ರೊಮಾನಾ ಅನ್ನುತ್ತಾರೆ, ರೋಮ್ ರೀತಿ. ನೀನು ಸಿಹಿ ತಿಂದೆ ನಾನು ತಿನ್ನಲಿಲ್ಲ ಅಂತ ಪೈಸೆ ಲೆಕ್ಕ ಹಾಕುವುದು ಅದರಲ್ಲಿ ಬರುವುದಿಲ್ಲ. ಪ್ರವಾಸಿ ಊರುಗಳಲ್ಲಿ ಈಗ ಎರಡು ಪಾಳಿ ಶುರುವಾಗಿದೆ, ಏಳೂವರೆಗೆ ಒಂದು, ಒಂಬತ್ತೂವರೆಗೆ ಇನ್ನೊಂದು. ಬುಕ್ ಮಾಡುವಾಗಲೇ ಎಷ್ಟಕ್ಕೆ ಏಳಬೇಕು ಅಂತ ಹೇಳಿಬಿಡುತ್ತಾರೆ. ಹಾಗೆ ಎಬ್ಬಿಸುವುದೇ ಆದರೆ ಕೊಪೆರ್ತೊ ಯಾಕೆ ತಗೋತಾರೆ ಅಂತ ನನಗೆ ಅನ್ನಿಸುತ್ತದೆ.

ಈ ರೀತಿಯ ಹೋಟೆಲುಗಳು ಮುಚ್ಚಿಹೋಗುತ್ತವೆ ಅನ್ನುವ ಭಯ ಹಳೆಯದು. 1986ರಲ್ಲಿ ರೋಮ್‌ನ ಸ್ಪೇನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗ ಗಲಾಟೆ ಎದ್ದಿತು. ಆಗಲೇ ಬ್ರಾ ಅನ್ನುವ ಸಣ್ಣ ಊರಿನ ಕಾರ್ಲೊ ಪೆತ್ರೀನಿ ಮತ್ತು ಗೆಳೆಯರ ಗುಂಪಿನಿಂದ, ಫಾಸ್ಟ್ ಫುಡ್‌ಗೆ ಎದುರಾಗಿ ಊರಿನ ಅಡುಗೆ ಉಳಿಸುವ ಸ್ಲೋ ಫುಡ್ ಚಳವಳಿ ಬೆಳೆಯಿತು. 1990ರಿಂದ ಅವರು ಓಸ್ತೆರಿಯಾಗಳ ಒಂದು ಕೈಪಿಡಿ ತರುತ್ತಿದ್ದಾರೆ. ಅದರಲ್ಲಿ ಬಸವನಹುಳದ ಗುರುತು ಸಿಕ್ಕಿದ ಜಾಗಕ್ಕೆ ಕಣ್ಣುಮುಚ್ಚಿ ಹೋಗಬಹುದು. 2025ರ ಡಿಸೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ಯುನೆಸ್ಕೊ ಸಭೆ ಇಟಲಿಯ ಅಡುಗೆ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿ ಪಟ್ಟಿಗೆ ಸೇರಿದ್ದೂ ಅದೇ ಸಭೆಯಲ್ಲಿ.

ಹೋಗುವವರಿಗೆ ಒಂದಿಷ್ಟು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ಮೇಲೆ, ನಡುವೆ ಅಡುಗೆಮನೆ ಬಂದ್. ಸಂಜೆ ಐದಕ್ಕೆ ಬಿಸಿಬಿಸಿ ಊಟ ರೆಡಿ ಅನ್ನುವ ಕಡೆ, ಮೆನುವಿನಲ್ಲಿ ಫೋಟೊ ಇರುವ ಕಡೆ, ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ ಕಡೆ ಹೋಗಬೇಡಿ. ವಾರಕ್ಕೊಂದು ದಿನ ರಜೆ ಇರುತ್ತದೆ, ಆ ದಿನ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಹೋಗುವುದಾದರೆ ಫೋನ್ ಮಾಡಿಯೇ ಹೊರಡಿ. 15ರ ಫೆರ್ರಗೋಸ್ತೊ ಹಬ್ಬದ ಹಿಂದೆ ಮುಂದೆ ಯಜಮಾನ, ಅಡುಗೆಯವಳು, ಮಕ್ಕಳು ಎಲ್ಲ ಸಮುದ್ರದ ಕಡೆ ಹೋಗಿಬಿಡುತ್ತಾರೆ. ಅರ್ಧ ಊರು ಸುತ್ತಿ ಹಸಿದುಕೊಂಡು ಬಂದರೆ ಎಳೆದ ಶಟರಿನ ಮೇಲೆ ಕೈಬರಹದ ಒಂದು ಚೀಟಿ ಇರುತ್ತದೆ, ಕ್ಯೂಸೊ ಪೆರ್ ಫೆರಿಯೆ, ರಜೆಯಲ್ಲಿದ್ದೇವೆ ಅಂತ.